ಸಂಡಿಗೆಗೆ ಸಿಕ್ಕ ವಿಟಮಿನ್ ಡಿ

ನನ್ನ ಮೈಕೈ ನೋವಿಗೆ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಸೋಮಾರಿತನ ಎಂದೇ ಹೆಸರಿತ್ತು. ಗೋಡೆ ಹಿಡಿದು ಎದ್ದರೆ ಸಾಕು, ಅತ್ತೆ ಬೋರಮ್ಮನವರು, "ನಿನ್ನ ವಯಸ್ಸಲ್ಲಿ ನಾನು ಸೇರುಗಟ್ಟಲೆ ರಾಗಿ ಬೀಸ್ತಿದ್ದೆ" ಎನ್ನುವರು. (ಅವರಿಗೆ ನನ್ನ ವಯಸ್ಸಾಗಿದ್ದಾಗ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿತ್ತು. ರಾಗಿ ಗಿರಣಿಯಲ್ಲಿ ಹಿಟ್ಟಾಗಿ ಬರುತ್ತಿತ್ತು, ಹೊತ್ತು ತರುತ್ತಿದ್ದವಳು ನಾನು.)

ಹೀಗಾಗಿ ರಕ್ತಪರೀಕ್ಷೆಯಲ್ಲಿ ನನ್ನ ವಿಟಮಿನ್ ಡಿ ಎಂಟು ಎಂದು ಬಂದಾಗ ಸಂತೋಷದಿಂದ ಕಣ್ಣು ತುಂಬಿತು. ಇಪ್ಪತ್ತಾದರೂ ಇರಬೇಕಂತೆ. ಕೊನೆಗೂ ನನ್ನ ನೋವಿಗೊಂದು ಅಧಿಕೃತ ಸಾಕ್ಷಿ ಸಿಕ್ಕಿತ್ತು, ಇನ್ನು ಮನೆಯಲ್ಲಿ ನಂಬುತ್ತಾರೆ ಎಂದುಕೊಂಡೆ. ಆದರೆ ದಂಪತಿಗಳಿಗೆ ರಿಯಾಯಿತಿ ಇದೆಯೆಂದು ನಮ್ಮ ಯಜಮಾನರು ರುದ್ರೇಶ್ ಕೂಡ ತೋಳು ಚಾಚಿದ್ದರು. ಅವರದು ಹನ್ನೊಂದು. "ನೋಡಿದ್ಯಾ, ನಂಗೂ ಇದೆ" ಎಂದು ಲ್ಯಾಬಿನ ಬೆಂಚಿನ ಮೇಲೆ ಕುಸಿದರು. ಅಲ್ಲಿಯವರೆಗೆ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದ ಮಹಾನುಭಾವರಿಗೆ ಆ ಕ್ಷಣದಿಂದ ಮೂಳೆನೋವು ಶುರುವಾಯಿತು.

ಡಾಕ್ಟರು ಮಾತ್ರೆ ಬರೆದು, ಹನ್ನೊಂದು ಗಂಟೆಯ ಮೇಲಿನ ಬಿಸಿಲಿನಲ್ಲಿ ಅರ್ಧ ಗಂಟೆ ಕೈಕಾಲು ಒಡ್ಡಿ ಕೂರಲು ಹೇಳಿದರು.

"ಮೊದಲು ಮಾತ್ರೆ ತಗೊಂಡ್‌ಬಿಡಿ" ಎಂದೆ ಯಜಮಾನರಿಗೆ.

"ಸೂರ್ಯನಾರಾಯಣ ಬಿಟ್ಟಿ ಕೊಡೋದನ್ನ ಮೆಡಿಕಲ್ ಸ್ಟೋರಲ್ಲಿ ಯಾಕೆ ಕೊಳ್ಬೇಕು?"

"ಹನ್ನೊಂದು ಗಂಟೆಗೆ ಸಾರು ಕುದೀತಿರತ್ತೆ. ಅದನ್ನೂ ಸೂರ್ಯನಾರಾಯಣ ಇಳಿಸ್ತಾನಾ?"

"ನಿಂಗೆ ಎಲ್ಲದಕ್ಕೂ ಒಂದು ನೆಪ ಕಣೇ" ಎಂದು ಚೀಟಿ ಮಡಚಿ ಜೇಬಿಗಿಟ್ಟರು.

ಬಸವೇಶ್ವರನಗರದ ನಮ್ಮ ಮನೆಗೆ ಎರಡೂ ಪಕ್ಕದಲ್ಲಿ ನಾಲ್ಕಂತಸ್ತು ಎದ್ದ ಮೇಲೆ ಸೂರ್ಯನಾರಾಯಣ ದರ್ಶನ ಕೊಡುವುದು ತಾರಸಿಗೆ ಮಾತ್ರ. ಮೊದಲ ದಿನ ಕುರ್ಚಿ ಹಾಕಿಕೊಂಡು, ರವಿಕೆಯ ತೋಳು ಮೇಲಕ್ಕೆ ಮಡಚಿ ಕೂತೆ. ಎದುರುಮನೆಯ ಕಲಾ ಬಾಲ್ಕನಿಯಿಂದ, "ಕೆಲಸ ಎಲ್ಲಾ ಮುಗೀತಾ ಆಂಟಿ? ಹಾಯಾಗಿ ಕೂತಿದೀರ" ಎಂದಳು. ಕೆಳಗಿನಿಂದ ಅತ್ತೆ, "ಮಟಮಟ ಮಧ್ಯಾಹ್ನ ಮಾಡೋಕೆ ಕೆಲಸ ಇಲ್ದೋರ ಥರ ಮೇಲೆ ಕೂತ್ರೆ ನೋಡಿದೋರು ಏನಂತಾರೆ?" ಎಂದು ಕೂಗಿದರು. ಅವಮಾನವಾಗಿ ಇಳಿದು ಬಂದೆ.

ಆಗಲೇ ನನಗೆ ಜ್ಞಾನೋದಯವಾದದ್ದು. ಬಿಸಿಲಿನಲ್ಲಿ ಸುಮ್ಮನೆ ಕೂತ ಹೆಂಗಸು ಸೋಂಬೇರಿ, ಸಂಡಿಗೆ ಕಾಯುತ್ತಾ ಕೂತವಳು ಮನೆಯ ಮಹಾಲಕ್ಷ್ಮಿ! ಶಿವರಾತ್ರಿ ಕಳೆದಿತ್ತು, ಸಂಡಿಗೆಯ ಕಾಲ. ಸಬ್ಬಕ್ಕಿ ತಂದು ಗಂಜಿ ಕಾಯಿಸಿ, ಬಿಸಿಲೇರುವ ಮೊದಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇಟ್ಟು, ಹನ್ನೊಂದಕ್ಕೆ ಕೋಲು ಹಿಡಿದು ಕಾಗೆ ಓಡಿಸುವ ಹುದ್ದೆಗೆ ಹಾಜರಾದೆ. ಸಾರು ಇಳಿಸಿಕೊಂಡವರು ಅತ್ತೆಯೇ. ಒಂದು ವಾರ ಸ್ವರ್ಗ. ಮಂಡಿ ಹಗುರವಾದದ್ದು ಬಿಸಿಲಿನಿಂದಲೋ, ಯಾರೂ ನನ್ನನ್ನು ಕರೆಯದ ಆ ಅರ್ಧ ಗಂಟೆಯಿಂದಲೋ, ಇವತ್ತಿಗೂ ಗೊತ್ತಿಲ್ಲ.

ನಾನು ಮಾಡಿದ ತಪ್ಪೆಂದರೆ ಸಂಡಿಗೆಯನ್ನು ರುಚಿಯಾಗಿ ಮಾಡಿದ್ದು. ಒಂದು ಹಿಡಿ ಉಪ್ಪು ಹೆಚ್ಚು ಸುರಿದಿದ್ದರೆ ಬಚಾವಾಗುತ್ತಿದ್ದೆ. ಕರಿದು ತಿಂದ ಅತ್ತೆ ನಂದಿನಿ ಲೇಔಟಿನ ಮಗಳಿಗೆ, ಆರ್‌ಪಿಸಿ ಲೇಔಟಿನ ತಮ್ಮನಿಗೆ, ಅವರ ಬೀಗರಿಗೆಲ್ಲ ಫೋನ್ ಮಾಡಿದರು. "ನಮ್ ಪ್ರಭಾ ಮಾಡ್ಕೊಡ್ತಾಳೆ ಬಿಡಿ, ಅವಳಿಗೇನು ಬೇರೆ ಕೆಲಸ?"

ಮದುವೆಮನೆಯ ಪಾತ್ರೆ ಅಟ್ಟದಿಂದ ಇಳಿಯಿತು. ನಸುಕಿಗೆ ಗಂಜಿ ತಿರುವಿ, ಸಂಡಿಗೆ ಇಟ್ಟು, ಇಳಿದು ಬಂದು ತಿಂಡಿ, ಮೆಣಸಿನಕಾಯಿ ರುಬ್ಬುವುದು, ನಾಳೆಯ ಸಬ್ಬಕ್ಕಿ ತೊಳೆಯುವುದು, ಅಡುಗೆ. ಕಾಗೆ ಕಾಯಲು ಪುರುಸೊತ್ತೆಲ್ಲಿ? ಆಗ ರಿಟೈರಾಗಿ ಮನೆಯಲ್ಲೇ ಇದ್ದ ಯಜಮಾನರು ಮಹಾತ್ಯಾಗಕ್ಕೆ ಮುಂದಾದರು.

"ನೀನು ಒಳಗೆ ನೋಡ್ಕೋ, ಮೇಲೆ ನಾನು ಕಾಯ್ತೀನಿ. ಪಾಪ, ಒಬ್ಳೇ ಎಷ್ಟು ಮಾಡ್ತೀಯ."

ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಕೇಳಿದ ಆ 'ಪಾಪ'ಕ್ಕೆ ಮರುಳಾಗಿ ಸೂರ್ಯನನ್ನೇ ಬಿಟ್ಟುಕೊಟ್ಟೆ. ಬನಿಯನ್ ತೊಟ್ಟು, ಪಂಚೆ ಮಂಡಿಗೇರಿಸಿ, ಮೊಬೈಲಿನಲ್ಲಿ ಹಳೆಯ ಕ್ರಿಕೆಟ್ ನೋಡುತ್ತಾ ಅವರು ಸಂಡಿಗೆಯ ಜೊತೆ ಒಣಗಿದರು. ನಾನು ಟ್ಯೂಬ್‌ಲೈಟಿನ ಕೆಳಗೆ ಬೆಂದೆ. ಮಜ್ಜಿಗೆ ಕೊಡಲು ಮೇಲೆ ಹತ್ತಿದಾಗ ಕಲಾ, "ಅಂಕಲ್ ಎಷ್ಟು ಹೆಲ್ಪ್ ಮಾಡ್ತಾರೆ ಆಂಟಿ, ಪುಣ್ಯ ಮಾಡಿದೀರ" ಎಂದಳು. ಲೋಟವನ್ನು ಅವಳತ್ತ ಎಸೆಯಬೇಕೆನಿಸಿತು. ಸ್ಟೀಲಿನದು, ಸೊಟ್ಟಗಾದೀತೆಂದು ಸುಮ್ಮನಾದೆ.

ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಅವರದು ಇಪ್ಪತ್ತನಾಲ್ಕು, ನನ್ನದು ಏಳು.

ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, "ಸಾರ್ ಎಷ್ಟು ಚೆನ್ನಾಗಿ ಫಾಲೋ ಮಾಡಿದಾರೆ. ನೀವ್ಯಾಕಮ್ಮಾ ಮಾಡಿಲ್ಲ? ಏನು ಕೆಲಸ ನಿಮ್ದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಕನಿಕರದಿಂದ, "ಕೆಲಸ ಏನಿಲ್ಲ ಸಾರ್, ಮನೇಲೇ ಇರ್ತಾಳೆ" ಎಂದರು.

"ಅದಕ್ಕೇ ಹೀಗಾಗಿರೋದು. ನಾಳೆಯಿಂದ ನೀವೇ ಜೊತೇಲಿ ಕರ್ಕೊಂಡ್ ಹೋಗಿ ಕೂರಿಸ್ಕೊಳಿ ಸಾರ್."

ಮಾರನೆಯ ದಿನ ಹನ್ನೊಂದಕ್ಕೆ ಒಲೆ ಆರಿಸಿ, ಅತ್ತೆಯ ಕೂಗಿಗೂ ಕಿವಿಗೊಡದೆ ಕುರ್ಚಿ ಹೊತ್ತು ಮೇಲೆ ಹೋದೆ. ತಾರಸಿಯ ತುಂಬ, ಕಾಲಿಡಲೂ ತೆರಪಿಲ್ಲದಂತೆ, ಬೆಳಗ್ಗೆ ನಾನೇ ಇಟ್ಟ ಸಂಡಿಗೆ. ನಡುವೆ ಒಂದೇ ಕುರ್ಚಿ, ಅದರಲ್ಲಿ ಯಜಮಾನರು.

"ತುಳಿದೀಯ ಕಣೇ, ನೋಡ್ಕೊಂಡ್ ಬಾ" ಎಂದು ಎಚ್ಚರಿಸಿ, ಅಕ್ಕರೆಯಿಂದ ನೀರಿನ ಟ್ಯಾಂಕಿನ ಮಗ್ಗುಲನ್ನು ತೋರಿಸಿದರು. "ಅಲ್ಲಿ ಕೂತ್ಕೋ. ಒಳ್ಳೆ ನೆರಳಿದೆ."