ಸಮುದ್ರರಾಯರು ನೀರು ಬಿಡುವ ಪದ್ಧತಿಯ ಬಗ್ಗೆ

ಭೂಮಂಡಲದ ಮುಕ್ಕಾಲು ಪಾಲನ್ನು ಒಬ್ಬರೇ ಒತ್ತುವರಿ ಮಾಡಿಕೊಂಡೂ ಯಾವ ತಹಶೀಲ್ದಾರರ ಕೈಗೂ ಸಿಗದ, ಮೀನು ಆಮೆ ತಿಮಿಂಗಿಲಗಳಿಗೆಲ್ಲ ಬಾಡಿಗೆಯಿಲ್ಲದೆ ಮನೆ ಕೊಟ್ಟಿರುವ, ಕಡುಬೇಸಿಗೆಯಲ್ಲೂ ತಳ ಕಾಣದ ಶ್ರೀಮನ್ಮಹಾ ಸಮುದ್ರರಾಯರ ಸನ್ನಿಧಾನಕ್ಕೆ, ಕಂಪ್ಲಿಯ ಕೊನೇ ತೂಬಿನ ರೈತ ತಾಯಪ್ಪನವರ ಒಬ್ಬನೇ ಮಗ ಹುಲುಗಪ್ಪ, ಮೊಣಕಾಲ ತನಕ ಪ್ಯಾಂಟು ಮಡಚಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಸದ್ದಿನಿಂದಲೇ ತಿಳಿದಿದ್ದೇನೆ. ನಮ್ಮ ತಂದೆಯವರ ಕ್ಷೇಮ ಹಾಗಿರಲಿಲ್ಲ. ಕಾಲುವೆ ನೀರಿನ ಸರದಿಗಾಗಿ ಮೂವತ್ತು ವರ್ಷ ಜಗಳವಾಡಿ ಅವರ ಬಿ.ಪಿ. ನೂರಾತೊಂಬತ್ತಕ್ಕೇರಿದಾಗ, ಹೊಸಪೇಟೆಯ ಡಾಕ್ಟರು ಇನ್ನೊಮ್ಮೆ ಸಿಟ್ಟಿಗೆದ್ದರೆ ಜೀವಕ್ಕೇ ಕುತ್ತು, ನಾಲ್ಕು ದಿನ ಕಾಲುವೆಯಿಲ್ಲದ ಕಡೆ ಒಯ್ದು ಮಲಗಿಸು ಎಂದರು. ಈ ವರ್ಷ, ಅಂದರೆ ಎಂಬತ್ತೊಂಬತ್ತರಲ್ಲಿ, ಕಬ್ಬು ನಮ್ಮ ಕೈ ಹಿಡಿದಿತ್ತು. ಆದ್ದರಿಂದ ಕಾರವಾರದಾಚೆ ದೋಣಿಯಲ್ಲಷ್ಟೇ ಮುಟ್ಟಬಹುದಾದ, ತೆಂಗಿನ ತೋಪಿನ ನಡುವೆ ಹನ್ನೆರಡೇ ಕುಟೀರಗಳಿರುವ, ಇಳಿದ ಕೂಡಲೇ ಮುಖ ಒರೆಸಿಕೊಳ್ಳಲು ತಣ್ಣನೆ ಟವೆಲು ಕೊಡುವ ಐಷಾರಾಮಿ ರೆಸಾರ್ಟಿಗೆ ಬಂದೆವು. ಹೊರಡುವಾಗ ನಮ್ಮವ್ವ ಉಚ್ಚೆಂಗಮ್ಮ, “ಅಪ್ಪನ್ನ ಸುಮ್ಮನ ಮಲಗಸು, ನಿನ್ನ ಮಂಗ್ಯಾನಾಟ ಅಲ್ಲಿ ಬ್ಯಾಡ” ಎಂದು ಆಣೆ ಹಾಕಿಸಿಕೊಂಡಿದ್ದಳು.

ನೀರಿಗೆ ಬರವಿದ್ದಲ್ಲಿ ತಾನೇ ಜಗಳ, ಕಣ್ಣು ಹಾಯುವಷ್ಟು ನೀರಿದ್ದಲ್ಲಿ ಎಂಥ ಜಗಳ ಎಂಬುದು ನನ್ನ ಲೆಕ್ಕಾಚಾರ. ತಾವು ಅದನ್ನು ಮೊದಲ ಮಧ್ಯಾಹ್ನವೇ ಕೊಚ್ಚಿಕೊಂಡು ಹೋದಿರಿ. ಜೋಲಿಮಂಚದಲ್ಲಿ ಎಳನೀರು ಹೀರುತ್ತಿದ್ದ ತಂದೆಯವರು ತಾವು ಏರಿ ಬರುವುದನ್ನು ಕಂಡಿದ್ದೇ, “ಲೇ ಹುಲುಗ, ನೀರು ಬಿಟ್ಟಾರಲೇ! ಏಳಲೇ ಜಲ್ದಿ!” ಎಂದು ಪಂಚೆ ಎತ್ತಿ ಕಟ್ಟಿ, ತೋಟದಾಳಿನ ಸಲಿಕೆ ಕಸಿದು, ತೆಂಗಿನ ಸಾಲಿನುದ್ದಕ್ಕೂ ಮರಳ ಬದು ಹಾಕಿದರು. ಅದನ್ನು ತಾವು ಒಂದೇ ನೆಕ್ಕಿಗೆ ಮುಗಿಸಿದಿರಿ.

ನಮ್ಮ ಕಾಲುವೆ ಸಾಹೇಬರು ಎಷ್ಟೇ ಸತಾಯಿಸಿದರೂ ಒಮ್ಮೆ ಬಿಟ್ಟ ನೀರನ್ನು ವಾಪಸ್ ಎಳೆದುಕೊಂಡವರಲ್ಲ. ತಾವೋ ದಿನಕ್ಕೆರಡು ಸಲ ಕೊಟ್ಟು, ಎರಡೂ ಸಲ ಕಸಿದುಕೊಳ್ಳುವ ಮಹಾದಾನಿಗಳು. ಮೇಲಾಗಿ ದಿನದಿನಕ್ಕೂ ಮುಕ್ಕಾಲು ತಾಸು ತಡ, ಒಂದು ನೋಟೀಸೂ ಇಲ್ಲ. ಎರಡನೆಯ ದಿನ ತಂದೆಯವರು ಬಿಳಿ ಬೂಟಿನ ಮ್ಯಾನೇಜರರನ್ನು ನಿಲ್ಲಿಸಿ, “ಗೇಟು ಎತ್ತಿ ನೀರು ಬಿಡೋ ಲಸ್ಕರ್ ಯಾರ್ರಿ ನಿಮ್ಮಲ್ಲಿ? ಕರೀರಿ ಅವನ್ನ” ಎಂದು ಗುಡುಗಿದರು. ಅವರು ತಗ್ಗಿದ ದನಿಯಲ್ಲಿ, ಲಸ್ಕರ್ ಇಲ್ಲ, ಇದೆಲ್ಲ ಚಂದ್ರ ನಡೆಸುವುದು ಎಂದರು. ಸಂಜೆ ಚಂದ್ರ ಮೂಡಿದಾಗ ತಂದೆಯವರು ಬಹಳ ಹೊತ್ತು ದಿಟ್ಟಿಸಿ, “ಮುಖ ನೋಡಲೇ, ಅವನೂ ರೊಕ್ಕ ತಿಂದಾನ” ಎಂದರು.

ಮೂರನೆಯ ದಿನ ತಾವು ಎಲ್ಲಿಂದಲೋ ಒಂದು ಕಾಲುವೆ ಸಿಕ್ಕಿತೆಂದು ನೆಟ್ಟಗೆ ಊಟದ ಚಪ್ಪರಕ್ಕೇ ನುಗ್ಗಿ, ಎಂಟು ಬೆತ್ತದ ಕುರ್ಚಿಗಳನ್ನೂ ಒಂದು ಬಣ್ಣದ ಕೊಡೆಯನ್ನೂ ಕರೆದುಕೊಂಡು ಹೋದಿರಿ. ಆ ಕಾಲುವೆ ತೋಡಿದವರು ಯಾರೆಂದು ಮ್ಯಾನೇಜರರು ಕೇಳಿದ್ದೇ ತಡ, ತಂದೆಯವರು ಎದೆ ಸೆಟೆಸಿ “ನಾನs” ಎಂದರು. ಒಂದು ದಿನದ ವಿಶ್ರಾಂತಿ ಬಾಕಿಯಿರುವಾಗಲೇ ನಮ್ಮನ್ನು ಗೌರವಪೂರ್ವಕವಾಗಿ ದೋಣಿ ಹತ್ತಿಸಲಾಯಿತು.

ಆದಕಾರಣ ತಾವು ದಯಮಾಡಿ ಒಬ್ಬ ಲಸ್ಕರನನ್ನು ನೇಮಿಸಬೇಕು. ಬೈದರೆ ತಲೆ ತಗ್ಗಿಸುವವನಾದರೆ ಉತ್ತಮ. ವಾರದಲ್ಲಿ ಸೋಮವಾರವಾದರೂ ಉಪ್ಪು ತೆಗೆದು ನೀರು ಬಿಡಬೇಕು. ಹೇಗೂ ವಾಪಸ್ ಒಯ್ಯುವ ನೀರನ್ನು ಆರು ತಾಸಿನ ಮಟ್ಟಿಗೆ ನಮ್ಮ ಕೊನೇ ತೂಬಿಗೆ ಕಳಿಸಿದರೆ, ಒಯ್ಯುವ ಶ್ರಮ ತಮಗೆ ಉಳಿಯುತ್ತದೆ.

ಅಲೆಗೆ ಬೆನ್ನು ತೋರಿಸದ,
ತಮ್ಮ ವಿಶ್ವಾಸಿ
ಹುಲುಗಪ್ಪ

ಮರೆತ ಮಾತು: ನಿನ್ನೆ ಡಾಕ್ಟರು ತಂದೆಯವರ ತೋಳಿಗೆ ಪಟ್ಟಿ ಸುತ್ತಿ ನೋಡಿ, ನೂರಾನಲವತ್ತು, ಭೇಷ್ ಎಂದರು. ಇದರ ಕೀರ್ತಿಯನ್ನು ತಾವು ಹೊಡೆದುಕೊಳ್ಳುವುದು ಬೇಡ. ಮೂರನೆಯ ದಿನ ತಂದೆಯವರು ಬೆಳಗಿನಿಂದಲೇ ಮಲಗಿದ್ದರು, ನಾಟಿ ಶುರುವಾದಂದಿನಿಂದ ಅಂಥ ಗೊರಕೆ ನಾನು ಕೇಳಿರಲಿಲ್ಲ. ತಾವು ಬರುತ್ತಿದ್ದಿರಿ, ಅಷ್ಟು ನೀರು ಸುಮ್ಮನೆ ಹೋಗುತ್ತದಲ್ಲ ಎಂದು ನನಗೇ ತಡೆಯಲಾಗಲಿಲ್ಲ. ಕಾಲುವೆ ತೋಡಿದವನು ನಾನು. ದೋಣಿಯಲ್ಲಿ ತಂದೆಯವರು ಹೇಳಿದ್ದು ಒಂದೇ ಮಾತು: “ಇಳಿಜಾರು ಚಲೋ ಹಿಡದೀಯಲೇ. ಅವ್ವಗ ಹೇಳಬ್ಯಾಡ.”