ಅತ್ತಿತ್ತ ನೋಡುವ ಸೋದರಳಿಯ

ಭಾನುವಾರ, ಬೆಳಗ್ಗೆ ಎಂಟು ಗಂಟೆ, ಪಾಂಡವಪುರದಲ್ಲಿ ನನ್ನ ತಂಗಿಯ ಮನೆ. ಹಾಜರಿದ್ದವರು: ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಬಂದ ನಾನು, ತಂಗಿ, ಆಕೆಯ ಮಗ, ಮತ್ತು ದೇವರ ಪಟದ ಮುಂದೆ ಇಟ್ಟಿದ್ದ ಅವನ ಫೋನು. ಕೆ.ಆರ್.ಎಸ್.ನಲ್ಲಿ ಮೂವತ್ತು ವರ್ಷ ನೀರಿನ ಮಟ್ಟ ಬರೆದಿಟ್ಟವನು ನಾನು. ಗಂಟೆ, ಹಾಜರಿ ಬರೆಯದೆ ಯಾವ ವಿಷಯವನ್ನೂ ಶುರು ಮಾಡಲು ಬರುವುದಿಲ್ಲ, ಕ್ಷಮಿಸಿ.

ನಮ್ಮ ವಂಶದಲ್ಲಿ ಕಾಲಿನಿಂದ ಅನ್ನ ಸಂಪಾದಿಸಿದವನು ಈ ಸೋದರಳಿಯ ಒಬ್ಬನೇ. ಉಳುವ ಎತ್ತುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ! ಹದಿನಾಲ್ಕು ವರ್ಷ ಕಲ್ಕತ್ತ, ಗೋವಾ, ಬೆಂಗಳೂರು ಅಂತ ಸುತ್ತಿ ಸಂಬಳಕ್ಕೆ ಫುಟ್‌ಬಾಲ್ ಆಡಿದ್ದಾನೆ. ಈಗ ಮೂವತ್ಮೂರು. ಬಲ ಮಂಡಿಗೆ ಎರಡು ಆಪರೇಷನ್. ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುತ್ತೇವೋ ಇಲ್ಲವೋ ಎಂದು ಅವನ ತಂಡದವರು ಇವತ್ತು ಹನ್ನೊಂದರೊಳಗೆ ತಿಳಿಸಬೇಕು. ಇಲ್ಲವೆಂದರೆ ಮುಗಿಯಿತು, ಆ ಮಂಡಿಯನ್ನು ನಂಬಿ ಬೇರೆ ಯಾರೂ ಕರೆಯುವುದಿಲ್ಲ. ನನಗಂತೂ ಆಸೆ ಇರಲಿಲ್ಲ. ಮೂವತ್ತು ವರ್ಷ ನೀರನ್ನೇ ನೋಡಿದವನಿಗೆ ಇಳಿತ ಯಾವುದೆಂದು ಗೊತ್ತಾಗದೇ?

ಅವನು ಆಡುವುದು ಮೈದಾನದ ನಡುವೆ, ಮಿಡ್‌ಫೀಲ್ಡಿನಲ್ಲಿ. ಎದುರು ಮನೆಯ ಹಿರಿಯರೊಬ್ಬರು, ತಮ್ಮ ಕಾಲಕ್ಕೆ ದೊಡ್ಡ ಕಬಡ್ಡಿ ಆಟಗಾರರು, ಒಮ್ಮೆ ಅವನನ್ನು ತಡೆದು ಕೇಳಿದರು:

"ಎಷ್ಟ್ ಗೋಲ್ ಒಡ್ದಿದ್ದೀಯಲಾ ಇಲ್ಲೀಗಂಟ?"

"ಒಂಬತ್ತು, ದೊಡ್ಡಪ್ಪ."

"ಈ ವರ್ಸಾನಾ?"

"ಇಲ್ಲ, ಒಟ್ಟು."

ಅವನ ಮುಖ ನೋಡಲಾಗದೆ ನಾನೇ ಬಾಯಿ ಹಾಕಿದೆ. "ಇವ್ನು ನಮ್ ನೀರುಗಂಟಿ ಇದ್ದಂಗೆ ಕಣಣ್ಣ. ಯಾವ್ ಗದ್ದೆಗೆ ಯಾವಾಗ ನೀರ್ ತಿರುಗುಸ್ಬೇಕು ಅಂತ ನೋಡೋದು ಇವ್ನು. ಬೆಳೆ ಕುಯ್ಕಳೋನು ಮುಂದ್ಲೋನು."

"ಅದ್ಕೆ ಕಲ್ಕತ್ತಕ್ ಯಾಕ್ ಓಗ್ಬೇಕಾಗಿತ್ತು? ನಮ್ ನಾಲೆ ಏನ್ ಬತ್ತೋಗಿತ್ತಾ?"

ಇನ್ನು ಇವನ ಕತ್ತಿನ ವಿಷಯ. ಚೆಂಡು ಬರುವ ಮೊದಲೇ ಯಾರು ಎಲ್ಲಿದ್ದಾರೆ ಎಂದು ನೋಡಿಟ್ಟುಕೊಳ್ಳಬೇಕಂತೆ. ಅದಕ್ಕೆ ಎಡ ಭುಜದ ಮೇಲಿಂದ ಒಂದು ನೋಟ, ಬಲ ಭುಜದ ಮೇಲಿಂದ ಒಂದು ನೋಟ. ಮೈದಾನದಲ್ಲಿ ಸರಿ ಸ್ವಾಮಿ, ಊಟದ ಪಂಕ್ತಿಯಲ್ಲಿ? ನಾಗಮಂಗಲದ ಬೀಗರೂಟದಲ್ಲಿ ಮುದ್ದೆ ಮುರಿಯುವಾಗ ಎಡಕ್ಕೆ ನೋಡಿದ, ನುಂಗುವಾಗ ಬಲಕ್ಕೆ ನೋಡಿದ. ಅಕ್ಕಪಕ್ಕದವರು ತಮ್ಮ ಬಾಡಿನ ತುಂಡುಗಳನ್ನು ಎಲೆಯ ಆಚೆ ಬದಿಗೆ ಸರಿಸಿಕೊಂಡರು!

ಐದು ವರ್ಷದ ಕೆಳಗೆ ಕೆ.ಆರ್.ಪೇಟೆಗೆ ಹೆಣ್ಣು ನೋಡಲು ಕರೆದೊಯ್ದೆ. ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ತಲುಪಿದೆವು. ಹುಡುಗಿ ಕಾಫಿ ತಂದಳು. ಇವನು ಅವಳೊಬ್ಬಳನ್ನು ಬಿಟ್ಟು ಬಾಗಿಲು, ಕಿಟಕಿ, ಹಿತ್ತಲು ಎಲ್ಲವನ್ನೂ ನೋಡಿದ. ಹುಡುಗಿಯ ಸೋದರಮಾವ ನನ್ನನ್ನು ಜಗಲಿಗೆ ಕರೆದು ದನಿ ತಗ್ಗಿಸಿದರು:

"ದಿಟ ಏಳ್ಬುಡಿ ಸ್ವಾಮಿ. ಉಡ್ಗುನ್ ಇಂದೆ ಪೊಲೀಸ್ನೋರ್ ಬಿದ್ದವ್ರಾ?"

"ಛೇ, ಫುಟ್‌ಬಾಲ್ ಆಡ್ತಾನೆ."

"ಅದೇ ಮತ್ತೆ, ಆಡಾಕ್ ಓಗಿ ಅಲ್ಲೇನ್ ಮಾಡ್ಕಂಡ್ ಬಂದವ್ನೆ ಅಂತ?"

ಸಂಬಂಧ ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಬೈದೆ: "ಉಡ್ಗಿ ಎಂಗವ್ಳೆ ಅಂತಾನಾರ ನೋಡ್ದೇನ್ಲಾ?"

ಅವನು ಶಾಂತವಾಗಿ ಹೇಳಿದ: "ಇತ್ಲಲ್ಲಿ ಮೂರ್ ಜನ ಇದ್ರು ಮಾವ. ಅಡ್ಗೆಮನೇಲಿ ಇಬ್ರು."

ಇಂಥವನನ್ನು ಏನು ಮಾಡುವುದು?

ಹತ್ತು ಐವತ್ತಕ್ಕೆ ಫೋನು ಬಂತು. ಅಂಗಳಕ್ಕೆ ಹೋಗಿ ಮಾತಾಡಿದ. ಸರಿ ಸಾರ್, ಆಯ್ತು ಸಾರ್, ಥ್ಯಾಂಕ್ಸ್ ಸಾರ್. ಎರಡು ನಿಮಿಷವೂ ಆಗಲಿಲ್ಲ. ಹದಿನಾಲ್ಕು ವರ್ಷ ಮುಗಿಸಲು ಅಷ್ಟು ಸಾಕು.

"ಏನಂದ್ರಪ್ಪ?" ಅಂದಳು ತಂಗಿ.

"ಬ್ಯಾಡ ಅಂದ್ರು ಕಣವ್ವ."

ತಂಗಿ ಒಳಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ನನಗೆ ಗೊತ್ತಿರುವುದು ಒಂದೇ ಮದ್ದು. "ಓಗ್ಲಿ ಬುಡು. ನಾಳೆಯಿಂದ ಐದ್ ಗಂಟೆಗೇ ಎದ್ದು..." ಎಂದು ದಿನಚರಿ ಹಾಕಿಕೊಡಲು ಹೊರಟೆ.

"ಮಾವ," ಅಂದ, "ನಾನ್ ಆಡೋದ ನೀವ್ ಒಂದ್ಸಲನೂ ನೋಡ್ನೇ ಇಲ್ವಲ್ಲ."

ನೋಡಿರಲಿಲ್ಲ. ಬೆಂಗಳೂರಿನ ಆಟಕ್ಕೆ ಒಮ್ಮೆ ಟಿಕೆಟ್ ಕಳಿಸಿದ್ದ. ಆಟ ಶುರುವಾಗುವುದು ಏಳೂವರೆಗೆ. ನಾನು ಮಲಗುವುದು ಎಂಟೂವರೆಗೆ. ಅರ್ಧಕ್ಕೆ ಎದ್ದು ಬರುವುದು ಶಿಸ್ತಲ್ಲ ಎಂದು ಹೋಗಲೇ ಇಲ್ಲ. ಇನ್ನು ಯಾವ ಆಟಕ್ಕೆ ಹೋಗಲಿ?

"ಫೋನಲ್ ಸಿಕ್ತದೇನ್ಲಾ? ಆಕು, ನೋಡನ."

ತಾನು ಆಡಿದ ಹಳೆಯ ಆಟವೊಂದನ್ನು ಹಾಕಿದ. ಮೊದಲರ್ಧ ಅವನನ್ನು ಹುಡುಕುವುದರಲ್ಲೇ ಕಳೆಯಿತು. ಕ್ಯಾಮೆರಾ ಓಡುವುದು ಚೆಂಡಿನ ಹಿಂದೆ. ಚೆಂಡು ಇವನ ಕಾಲಲ್ಲಿ ಅರೆಗಳಿಗೆ ನಿಂತರೆ ಹೆಚ್ಚು. ಕೊನೆಗೊಂದು ಗೋಲಾಯಿತು. ಹೊಡೆದವನ ಮುಖವನ್ನು ನಾಲ್ಕು ಸಲ ತೋರಿಸಿದರು.

"ಅವ್ನಿಗ್ ಚೆಂಡ್ ಕೊಟ್ಟೋನು?"

"ಇಲ್ಲಿ, ಮಾವ." ಬೆರಳಿಟ್ಟು ತೋರಿಸಿದ. ಪರದೆಯ ಅಂಚಿನಲ್ಲಿ ಒಂದು ಭುಜ, ಅರ್ಧ ಕಿವಿ.

"ಇಂದಕ್ ಓಡ್ಸು."

ಓಡಿಸಿದ. ಅದೇ ಭುಜ, ಅದೇ ಅರ್ಧ ಕಿವಿ.

"ಇನ್ನೊಂದ್ಸಲ."

ಏಳು ಸಲ ನೋಡಿದೆ. ಒಂದು ಗಂಟೆಯ ನನ್ನ ಊಟ ಆರಿಹೋಯಿತು. ತಂಗಿ ಕರೆಯಲಿಲ್ಲ, ಒದ್ದೆ ಕೈಯಲ್ಲೇ ಬಂದು ನಮ್ಮ ಹಿಂದೆ ನಿಂತಿದ್ದಳು.

ನೆಲದ ಮೇಲೆ ಅಷ್ಟು ಹೊತ್ತು ಕೂತಿದ್ದಕ್ಕೆ ಸಂಜೆಗೆ ಅವನ ಮಂಡಿ ಊದಿತ್ತು. ಹರಳೆಣ್ಣೆ ಬೆಚ್ಚಗೆ ಮಾಡಿ ನೀವಿದೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿದೆ.

"ನೋಯ್ತದೇನ್ಲಾ?"

"ಇಲ್ಲ, ಮಾವ," ಅಂದ.

ಆರು ಗಂಟೆಗೆ ಗಂಟು ಹಾಕಿ ಮುಗಿಸಿದೆ. ಕೈಯನ್ನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದೆ.