ಮಣ್ಣಿಲ್ಲದ ಗೆದ್ದಲು

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿದವನಿಗೆ ಮನೆಯಲ್ಲಿ ಕಿವಿ ಕೇಳಿಸುವುದಿಲ್ಲ. ಇದು ಕೊಬ್ಬಲ್ಲ, ಅಭ್ಯಾಸ. ಎದುರಿಗೆ ಕೂತವರೆಲ್ಲ ಬರೆದುಕೊಳ್ಳುತ್ತಿದ್ದಾರೆ ಎಂದುಕೊಂಡೇ ನಾವು ಮಾತಾಡುವುದು. ನನ್ನ ಹೆಂಡತಿ ಜಯಲಕ್ಷ್ಮಿ ಮಾತ್ರ ಇಷ್ಟು ವರ್ಷದಲ್ಲಿ ನಾನು ಹೇಳಿದ ಒಂದು ಸಾಲನ್ನೂ ಬರೆದುಕೊಂಡಿಲ್ಲ. ಅದು ಅವಳ ಜಾಣತನವೆಂದು ನನಗೆ ಗೊತ್ತಾದದ್ದು ಹೋದ ವರ್ಷ.

ಪಾಠದಲ್ಲಿ ನನಗೆ ಬಲು ಇಷ್ಟವಾದದ್ದು ಗೆದ್ದಲು. ಪುಸ್ತಕದಲ್ಲಿ ಅದಕ್ಕೆ ಒಂದು ಪುಟವೂ ಇಲ್ಲ. ನಾನು ಎರಡು ತರಗತಿ ಎಳೆಯುತ್ತಿದ್ದೆ. ವರ್ಗವಾದ ಊರಲ್ಲೆಲ್ಲ ಅದು ಬೇರೆ ಬೇರೆ ವೇಷದಲ್ಲಿ ಸಿಕ್ಕಿತ್ತು. ಮಳವಳ್ಳಿ ಕಡೆಯ ಒಣ ಹೊಲಗಳಲ್ಲಿ ಆಳೆತ್ತರದ ಹುತ್ತ. ಹಾರೆ ಹಾಕಿದರೆ ಹಾರೆಯೇ ಹಿಂದಕ್ಕೆ ಬರುತ್ತದೆ. ಮದ್ದೂರಿನ ತೋಟಗಳಲ್ಲಿ ಹುತ್ತದ ಗೋಜಿಗೆ ಹೋಗದೆ ತೆಂಗಿನ ಮರಕ್ಕೆ ಸೊಂಟದವರೆಗೆ ಮಣ್ಣು ಮೆತ್ತಿ ಒಳಗೊಳಗೇ ಮೇಯುತ್ತದೆ. ಕೊತ್ತತ್ತಿಯ ನಾಲೆ ಬಯಲಿನಲ್ಲಿ ಮೇಲೆ ಏನೂ ಕಾಣದು, ನೆಟ್ಟ ಕಬ್ಬಿನ ತುಂಡನ್ನು ನೆಲದಡಿಯಲ್ಲೇ ಮುಗಿಸಿರುತ್ತದೆ. ಅಲ್ಲಿರುವ ನನ್ನ ಷಡ್ಡಕ ಹೇಳುತ್ತಿದ್ದ: “ಮಳವಳ್ಳಿ ಗೆದ್ಲು ಮನೆ ಕಟ್ಕೊಂಡು ಬಾಳಾಟ ಮಾಡ್ತದೆ ಕಣಣ್ಣ. ನಮ್ದು ಉಂಡು ಕೈ ತೊಳ್ಕೊಂಡು ಓಯ್ತದೆ, ಅಷ್ಟೇಯ.” ಇದನ್ನೆಲ್ಲ ಸೇರಿಸಿ ನಾನು ‘ನೆಲ ಬದಲಾದಂತೆ ಗೆದ್ದಲೂ ಬದಲಾಗುತ್ತದೆ’ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಮಂಡ್ಯದ ಸ್ವಂತ ಮನೆಗೂ ಆ ಮಾತು ಸಲ್ಲುತ್ತದೆಂದು ಮಾತ್ರ ಹೊಳೆಯಲಿಲ್ಲ.

ಜಯಲಕ್ಷ್ಮಿಯ ತವರು ನಿಡಘಟ್ಟ. ರಸ್ತೆ ಅಗಲವಾದಾಗ ಅವರ ಮನೆ ಹೋಯಿತು. ಅವಳು ಬೇರೇನನ್ನೂ ಕೇಳಲಿಲ್ಲ. ಮುಂಬಾಗಿಲಿನ ಹಲಸಿನ ಚೌಕಟ್ಟನ್ನು ಹೊಸಿಲ ಸಮೇತ ಬಿಚ್ಚಿಸಿ, ಟ್ರ್ಯಾಕ್ಟರಿನಲ್ಲಿ ತರಿಸಿ ನಮ್ಮ ಮನೆಗೆ ಕೂರಿಸಿದಳು. ಚೌಕಟ್ಟಿನ ಬಲಗಡೆಯ ನಿಲುವುಮರದ ಮೇಲೆ ಅಂಗೈಯಗಲದ ಕಪ್ಪು ಕಲೆಯಿತ್ತು. ಅವಳಪ್ಪ ಸಂಜೆ ಹೊತ್ತು ಎಣ್ಣೆ ತಲೆಯನ್ನು ಒರಗಿಸಿ ಕೂರುತ್ತಿದ್ದ ಜಾಗ ಅದು. ಬಣ್ಣ ಹೊಡೆಯಲು ಬಂದವನಿಗೆ ಅದನ್ನು ಮುಟ್ಟಬೇಡ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು.

ದಿನಾ ಬೆಳಿಗ್ಗೆ ಹೊಸಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿಯ ಎಳೆ ಎಳೆಯುವುದು ಅವಳ ಪದ್ಧತಿ. ಒಂದು ದಿನ ಕರೆದಳು.

“ಇಲ್ ನೋಡಿ, ದಿನಾ ಗುಡುಸ್ತೀನಿ, ದಿನಾ ಗಸಗಸೆ ತರ ಉದುರಿರ್ತದೆ. ಗೆದ್ಲೇನೋ.”

ನಾನು ಕನ್ನಡಕ ಏರಿಸಿ ಗೋಡೆ, ಮೂಲೆ, ಚೌಕಟ್ಟು ಎಲ್ಲ ನೋಡಿದೆ. ಎಲ್ಲೂ ಮಣ್ಣಿನ ಎಳೆಯಿಲ್ಲ.

“ಮಣ್ಣಿಲ್ಲದೆ ಗೆದ್ದಲಿಲ್ಲ. ಇದು ನಿನ್ನ ರಂಗೋಲಿ ಪುಡಿ,” ಎಂದೆ.

“ರಂಗೋಲಿ ಬೆಳ್ಳಗಿರ್ತದೆ ಕಣ್ರೀ. ಇದು ಕಂದು.”

“ಹಳೇ ಪುಡಿ ಇರಬೇಕು.”

ಈ ಉತ್ತರವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಆಮೇಲೂ ಅವಳು ನಾಲ್ಕಾರು ಸಲ ಹೇಳಿದಳು. ಕೊನೆಗೆ ಅವಳ ಸಮಾಧಾನಕ್ಕೆಂದು ಮಳವಳ್ಳಿ ವಿದ್ಯೆ ಹೊರತೆಗೆದೆ. ಪಕ್ಕದ ಖಾಲಿ ಸೈಟಿನಲ್ಲಿ ಮೊಣಕಾಲೆತ್ತರದ ಹುತ್ತವೊಂದಿತ್ತು. ರಾಣಿಯನ್ನು ಅಗೆದು ತೆಗೆದರೆ ವಂಶವೇ ನಿರ್ವಂಶ ಎಂದು ಹಾರೆ ಹಿಡಿದು ಹೊರಟೆ. “ಪಂಚಮೀಲಿ ತನಿ ಎರ್ದಿರೋ ಹುತ್ತಕ್ಕೆ ಹಾರೆ ಹಾಕ್ತೀರಾ? ಬುಡಿ ಅತ್ಲಾಗೆ,” ಎಂದು ಅವಳು ಹಾರೆ ಕಿತ್ತುಕೊಂಡಳು. ಹಾಲೆರೆಯುವುದು ಹಾವಿಗೆ, ಹುತ್ತ ಕಟ್ಟಿದ್ದು ಗೆದ್ದಲು ಎಂದು ವಿವರಿಸಿದೆ. ಅದನ್ನೂ ಅವಳು ಬರೆದುಕೊಳ್ಳಲಿಲ್ಲ. ಸರಿ ಎಂದು ಪಾಯದ ಸುತ್ತ ಔಷಧಿ ಸುರಿಸಿ ಕೈ ತೊಳೆದುಕೊಂಡೆ. ಗಸಗಸೆ ಉದುರುತ್ತಲೇ ಇತ್ತು.

ಒಂದು ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ ಚೌಕಟ್ಟಿನ ಚಿಲಕ ಸ್ಕ್ರೂ ಸಮೇತ ಕೈಗೆ ಬಂತು. ಆತಗೂರಿನಿಂದ ಬಡಗಿಯನ್ನು ಕರೆಸಿದೆವು. ಆತ ನಿಲುವನ್ನು ಬೆರಳಿನಿಂದ ತಟ್ಟಿದ, ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ನೆಲಕ್ಕೆ ಉದುರಿದ್ದ ಕಾಳನ್ನು ಅಂಗೈಗೆ ಹಾಕಿಕೊಂಡು ಹೇಳಿದ: “ಇದು ಉಳದ್ ಇಕ್ಕೆ ಕಣ್ ಸಾ, ಮರ ತಿಂದು ಆಕಿರೋದು. ಇದು ನೆಲದ್ ಗೆದ್ಲಲ್ಲ, ಮರದ್ ಗೆದ್ಲು. ಮಣ್ಣು ಮುಟ್ಟಾಕಿಲ್ಲ, ನೀರು ಕೇಳಾಕಿಲ್ಲ. ಒಣಮರದೊಳ್ಗೇ ಉಟ್ಟಿ ಒಳ್ಗೇ ಸಾಯ್ತದೆ.”

“ಹೊಸಿಲು?” ಎಂದಳು ಜಯಲಕ್ಷ್ಮಿ.

“ಹೊಸ್ಲು ಗಟ್ಟಿಯಾಗದೆ ಕಣವ್ವ. ದಿನಾ ನೀರು ಬಿದ್ದಿರೋ ತಾವ್ಕೆ ಇವು ಬರಾಕಿಲ್ಲ. ನಿಲುವು ಎಲ್ಡೂ ಓಯ್ತು. ಕಾಳು ಉದ್ರೋಕೆ ಸುರುವಾದಾಗ್ಲೇ ಏಳಿದ್ರೆ ಉಳುಸ್ಬೋದಾಗಿತ್ತು.”

ಅವಳು ಆ ಕಪ್ಪು ಕಲೆಯ ಮೇಲೆ ಕೈಯಿಟ್ಟಳು. ಹೆಬ್ಬೆರಳು ಒತ್ತಿದ ಕಡೆ ಮರ ಕುಸಿಯಿತು. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಪ್ಪನ ಗುರುತು ಅಂತ ಅವಳಿಗಿದ್ದದ್ದು ಅದೊಂದೇ. ಅದನ್ನು ತಿಂದದ್ದು ಗೆದ್ದಲು, ತಿನ್ನಲು ಬಿಟ್ಟವನು ನಾನು.

ಬಡಗಿ ಅಳತೆ ತೆಗೆಯುತ್ತಾ, ಗೋಡೆಯ ಮೇಲಿದ್ದ ನನ್ನ ಸನ್ಮಾನದ ಫೋಟೋ ನೋಡಿ ಕೇಳಿದ: “ಯಜಮಾನ್ರು ಮೇಷ್ಟ್ರಾ? ಯಾವ್ ಪಾಠ ಏಳ್ಕೊಡ್ತಾರವ್ವ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜಯಲಕ್ಷ್ಮಿ, ನನ್ನ ಕಡೆ ನೋಡದೆ, “ಕನ್ನಡ ಕಣಣ್ಣ,” ಎಂದಳು.

“ಅಂಗಾರೆ ಬುಡಿ. ಪಾಪ, ಅವ್ರಿಗೆಂಗ್ ಗೊತ್ತಾದದು,” ಎಂದ ಅವನು.

ನಾನು ಹೌದೆಂದು ತಲೆಯಾಡಿಸಿದೆ.